ನರ್ಸರಿಗೆ ಯಾವಾಗ ಹಾಕೋದು? ಒಂದನೇ ಕ್ಲಾಸಿನಿಂದ ಹಿಂದಕ್ಕೆ ಎಣಿಸ್ರಿ

ಪ್ರಶ್ನೆ (ತಾಯಿ, ಸಿಂಧನೂರು): ನಮ್ಮ ಹುಡುಗ 2023ರ ಸೆಪ್ಟೆಂಬರ್ 12ಕ್ಕ ಹುಟ್ಯಾನ್ರಿ. 2026ರ ಜೂನ್‌ಗೆ ಎರಡು ವರ್ಷ ಎಂಟು ತಿಂಗಳು. ಮನಿ ಹತ್ರದ ಶಾಲ್ಯಾಗ "ಈಗ್ಲೇ ನರ್ಸರಿಗೆ ಹಾಕ್ರಿ, ಆಮ್ಯಾಲ ಸೀಟ್ ಸಿಗಂಗಿಲ್ಲ" ಅಂತಾರ. ಅತ್ತಿಯವ್ರು "ಇನ್ನೂ ಕೂಸೈತಿ, ಬ್ಯಾಡ" ಅಂತಾರ. ಮಗ್ಗಲ ಮನಿ ಹುಡುಗಿ ಮೂರು ವರ್ಷಕ್ಕ ಎಬಿಸಿಡಿ ಬರೀತಾಳಂತ ನಮ್ಮ ಮನಿಯವ್ರಿಗೆ ಚಿಂತಿ. ಏನ್ ಮಾಡ್ಲಿ ಮೇಡಂ?

ಉತ್ತರ (ಶಾಲಾಪೂರ್ವ ಶಿಕ್ಷಕಿಯರ ತರಬೇತುದಾರರು, ಕೊಪ್ಪಳ): ಸೀಟಿನ ಮಾತು ಆಮೇಲೆ, ಮೊದಲು ಕ್ಯಾಲೆಂಡರ್ ತೆಗೀರಿ ಅಕ್ಕಾರೆ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನೋದು ನಿಯಮ. ಈ ಜೂನ್‌ಗೆ ನರ್ಸರಿಗೆ ಹಾಕಿದ್ರೆ 2027ಕ್ಕೆ ಎಲ್‌ಕೆಜಿ, 2028ಕ್ಕೆ ಯುಕೆಜಿ, 2029ರ ಜೂನ್‌ಗೆ ಒಂದನೇ ಕ್ಲಾಸು. ಆಗ ಅವನಿಗೆ ಐದು ವರ್ಷ ಎಂಟು ತಿಂಗಳು. ಆರು ತುಂಬೋದು ಸೆಪ್ಟೆಂಬರ್‌ನಲ್ಲಿ. ಮೂರೂವರೆ ತಿಂಗಳು ಕಮ್ಮಿ ಬೀಳುತ್ತೆ. ಆಗ ಶಾಲೆಯವರು ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಿಸ್ತಾರೆ. ನಿಮಗೆ ಒಂದು ವರ್ಷದ ಫೀ ದಂಡ, ಮಗುವಿಗೆ ಜೊತೆಗಾರರೆಲ್ಲ ಮುಂದೆ ಹೋಗಿ ತಾನು ಅದೇ ಬೆಂಚಿನಲ್ಲಿ ಉಳಿದ ಬೇಜಾರು.

ಅದರ ಬದಲು 2027ರ ಜೂನ್‌ಗೆ, ಮೂರು ವರ್ಷ ಎಂಟು ತಿಂಗಳಿಗೆ ನರ್ಸರಿಗೆ ಹಾಕಿದ್ರೆ 2028 ಎಲ್‌ಕೆಜಿ, 2029 ಯುಕೆಜಿ, 2030 ಒಂದನೇ ಕ್ಲಾಸು. ಎಲ್ಲೂ ತಡೆಯಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಲೆಕ್ಕವೂ ಇದೇ: ಮೂರರಿಂದ ಆರರವರೆಗೆ ಮೂರು ವರ್ಷ ಶಾಲಾಪೂರ್ವ, ಆಮೇಲೆ ಒಂದನೇ ತರಗತಿ.

ಮರುಪ್ರಶ್ನೆ (ತಂದೆ, ಗಂಗಾವತಿ): ಐದು ವರ್ಷ ಐದು ತಿಂಗಳಾದವ್ರನ್ನೂ ಒಂದನೇ ಕ್ಲಾಸಿಗೆ ತಗೊಂಡಿದ್ರಲ್ರೀ?

ಉತ್ತರ (ತರಬೇತುದಾರರು): ಹೌದು, 2025-26ರ ಸಾಲಿಗೆ ಯುಕೆಜಿ ಮುಗಿಸಿದ ಮಕ್ಕಳಿಗೆ ಕೊಟ್ಟ ಸಡಿಲಿಕೆ ಅದು. 2029ಕ್ಕೂ ಹಂಗೇ ಸಿಗುತ್ತೆ ಅಂತ ನಂಬಿ ಮಗುವಿನ ನಾಲ್ಕು ವರ್ಷ ಹೊಂದಿಸೋದು ಜೂಜು. ಅಡ್ಮಿಷನ್‌ಗೆ ಮುಂಚೆ ಬಿಇಒ ಆಫೀಸಿನಲ್ಲಿ ಆ ಸಾಲಿನ ಸುತ್ತೋಲೆ ಕೇಳಿ ನೋಡಿ. ಇನ್ನೊಂದು ಮಾತು: "ಹುಟ್ಟಿದ ತಾರೀಖು ಸ್ವಲ್ಪ ಹಿಂದಕ್ಕೆ ಬರೆಸೋಣ" ಅಂದವರ ಮಾತು ಕೇಳಬೇಡಿ. ಊರಾಗಿನ ಎಷ್ಟೋ ಹಿರಿಯರ ಹುಟ್ಟಿದ ದಿನ ಜೂನ್ 1 ಇರೋದು ಹಿಂದೆ ಮಾಸ್ತರರು ಹಿಂಗೇ ಬರೆದದ್ದಕ್ಕೆ. ಆಗ ನಡೀತು. ಈಗ ಜನನ ಪ್ರಮಾಣಪತ್ರ, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೂರೂ ತಾಳೆ ಆಗಬೇಕು.

ಪ್ರಶ್ನೆ (ಅದೇ ತಾಯಿ): ಹಂಗಾದ್ರ ಈ ವರ್ಷ ಬರೀ ಮನ್ಯಾಗ ಇಟ್ಕೊಳ್ಳಾ? ಬರವಣಿಗಿ ಹಿಂದ ಬೀಳಂಗಿಲ್ಲೇನ್ರಿ?

ಉತ್ತರ (ತರಬೇತುದಾರರು): ಬೀಳಲ್ಲ. ಮೂರು ವರ್ಷಕ್ಕೆ ಮಣಿಕಟ್ಟಿನ ಎಳೆಮೂಳೆಗಳೆಲ್ಲ ಇನ್ನೂ ಗಟ್ಟಿಯಾಗಿರಲ್ಲ, ಹೆಬ್ಬೆರಳು-ತೋರುಬೆರಳಿನ ಹಿಡಿತವೂ ಕೂಡಿರಲ್ಲ. ಈಗ ಪೆನ್ಸಿಲ್ ಕೊಟ್ರೆ ಮುಷ್ಟಿ ಕಟ್ಟಿ ಹಿಡೀತಾರೆ, ಭುಜದಿಂದ ಒತ್ತಿ ಗೀಚ್ತಾರೆ. ಆ ಮುಷ್ಟಿ ರೂಢಿಯಾದ್ರೆ ಆಮೇಲೆ ಬಿಡಿಸೋದು ಕಷ್ಟ. ಮೂರು ಬೆರಳಿನ ಹಿಡಿತ ಸಾಮಾನ್ಯವಾಗಿ ನಾಲ್ಕೂವರೆಯಿಂದ ಆರರ ನಡುವೆ ಕೂಡುತ್ತೆ. ಅಲ್ಲಿವರೆಗೆ ನಿಮ್ಮ ಅಡಿಗಿಮನಿಯೇ ಸಾಕು. ರೊಟ್ಟಿ ಬಡಿಯುವಾಗ ನಿಂಬೆಹಣ್ಣಿನಷ್ಟು ಹಿಟ್ಟು ಕೊಡಿ, ನಾದಲಿ, ತಟ್ಟಲಿ. ಶೇಂಗಾ ಸುಲಿಸಿ: ಕಾಯಿ ಚಿಟಕ್ಕನೆ ಒಡೆಯೋದಕ್ಕೆ ಬೇಕಾದದ್ದು ಪೆನ್ಸಿಲ್ ಹಿಡಿಯೋ ಅದೇ ಎರಡು ಬೆರಳು. ಗೋಡೆಗೆ ಹಲಗೆ ನಿಲ್ಲಿಸಿ ತುಂಡು ಬಳಪ ಕೊಡಿ. ತುಂಡೇ ಇರಲಿ, ಉದ್ದದ್ದು ಕೊಟ್ರೆ ಮತ್ತೆ ಮುಷ್ಟಿ.

ಅಂಗನವಾಡಿಗಂತೂ ಮೂರು ತುಂಬಿದ ದಿನದಿಂದಲೇ ಕಳಿಸಬಹುದು. ಅಲ್ಲಿ ನಡೆಯೋ 'ಚಿಲಿಪಿಲಿ' ಪಾಠಕ್ರಮ ಆಟ, ಕಥೆ, ಹಾಡಿನದು.

ಉತ್ತರ (ಮಕ್ಕಳ ವೈದ್ಯರು, ಬಳ್ಳಾರಿ): ಶೇಂಗಾ ಸುಲಿಯಲಿ, ಆದ್ರೆ ಬಾಯಿಗೆ ಹಾಕದಂತೆ ಪಕ್ಕದಲ್ಲಿ ಒಬ್ಬರು ಕೂತಿರಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಅಪಾಯ. ಉಸಿರುನಾಳಕ್ಕೆ ಜಾರಿದ್ರೆ ಪ್ರಜ್ಞೆ ತಪ್ಪಿಸಿ, ದುರ್ಬೀನು ಕೊಳವೆ ಹಾಕಿ ತೆಗೀಬೇಕಾಗುತ್ತೆ. ಡಬ್ಬಿಗೂ ಇಡೀ ಶೇಂಗಾ, ಇಡೀ ದ್ರಾಕ್ಷಿ ಬೇಡ. ಚಟ್ನಿಪುಡಿ ಸವರಿದ ಚಪಾತಿ ಸುರುಳಿ ಕೊಡಿ.

ಶಾಲೆಗೆ ತಯಾರಿದ್ದಾನೋ ಇಲ್ಲವೋ ಅನ್ನೋಕೆ ಎಬಿಸಿಡಿ ಅಳತೆಯಲ್ಲ. ಒಂದಕ್ಕೆ, ಎರಡಕ್ಕೆ ಬಂದ್ರೆ ಮುಂಚೆ ಹೇಳ್ತಾನಾ? ನೀವು ತಿನ್ನಿಸದೆ ಅರ್ಧ ರೊಟ್ಟಿಯಾದ್ರೂ ತಾನೇ ತಿಂತಾನಾ? ನೀವಿಲ್ಲದೆ ಸೋದರತ್ತೆ ಮನೆಯಲ್ಲಿ ಎರಡು ತಾಸು ಇರ್ತಾನಾ? ಹೊರಗಿನವರಿಗೆ ಅವನ ಮಾತು ಮುಕ್ಕಾಲು ಪಾಲಾದ್ರೂ ತಿಳಿಯುತ್ತಾ? ಹೌದಾದ್ರೆ ತಯಾರು. ಚಡ್ಡಿ ಒದ್ದೆ ಮಾಡ್ಕೊಳ್ತಾನೆ ಅನ್ನೋದೊಂದೇ ಕಾರಣಕ್ಕೆ ನಿಲ್ಲಿಸಬೇಡಿ, ಬ್ಯಾಗಿನಲ್ಲಿ ಎರಡು ಚಡ್ಡಿ ಇಡಿ.

ಪ್ರಶ್ನೆ (ತಾಯಿ, ಬಳ್ಳಾರಿ): ಡಾಕ್ಟ್ರೇ, ಮನೇಲಿ ತೆಲುಗು, ಓಣೀಲಿ ಕನ್ನಡ, ಶಾಲೇಲಿ ಇಂಗ್ಲಿಷ್. ಮೂರು ಭಾಷೆ ಆಗಿ ಮಗಳ ಮಾತು ತಡ ಆಗ್ತಿದೆ ಅಂತಾರೆ. ಎರಡೂವರೆ ವರ್ಷ.

ಉತ್ತರ (ವೈದ್ಯರು): ಭಾಷೆ ಹೆಚ್ಚಾದದ್ದಕ್ಕೆ ಮಾತು ತಡವಾಗಲ್ಲ. ಎಣಿಸುವಾಗ ಎಲ್ಲಾ ಭಾಷೆಯ ಪದಗಳನ್ನೂ ಕೂಡಿಸಿ: 'ನೀಳ್ಳು' ಒಂದು, 'ಅನ್ನ' ಒಂದು, 'ಬಾಲ್' ಒಂದು. ಎರಡು ವರ್ಷಕ್ಕೆ "ನೀಳ್ಳು ಕಾವಾಲಿ" (ನೀರು ಬೇಕು), "ಅಮ್ಮ ಬಾ" ಅಂತ ಎರಡು ಪದ ಜೋಡಿಸ್ಬೇಕು. ಅದೂ ಇಲ್ಲ ಅಂದ್ರೆ "ಶಾಲೆಗೆ ಹಾಕಿದ್ರೆ ತಾನಾಗೇ ಬರುತ್ತೆ" ಅಂತ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಿ ಚಿಕಿತ್ಸೆ ಕೊಡೋ ಕೇಂದ್ರ) ಎಲ್ಲಿದೆ ಅಂತ ಕೇಳಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆಗೆ ದುಡ್ಡಿಲ್ಲ. ಹೆಸರು ಕರೆದ್ರೆ ತಿರುಗಿ ನೋಡಲ್ಲ, ಬೆರಳು ಮಾಡಿ ತೋರಿಸಲ್ಲ ಅಂದ್ರೆ ಈ ವಾರವೇ ಹೋಗಿ.

ಪ್ರಶ್ನೆ (ತಾಯಿ, ಮಾನ್ವಿ): ಹೋದ ಜೂನ್‌ನಾಗ ಹಾಕಿದ್ವಿ, ಗೇಟಿನ ಹತ್ರ ಒಂದೇ ಸಮ ಅಳತಿದ್ಲು, ಹದಿನೈದು ದಿನಕ್ಕ ಬಿಡಿಸಿದ್ವಿ. ಈ ಸಲ ಹೆಂಗ್ರಿ?

ಉತ್ತರ (ತರಬೇತುದಾರರು): ಹದಿನೈದು ದಿನಕ್ಕೆ ಬಿಡಿಸಿದ್ದು ಅವಸರವಾಯ್ತು, ಎರಡರಿಂದ ನಾಲ್ಕು ವಾರ ಅಳೋದು ಸಹಜ. ಮೊದಲ ಎರಡು ದಿನ ನೀವೂ ಒಳಗೆ ಕೂತು ಒಂದು ತಾಸಿಗೆ ವಾಪಸ್ ಬನ್ನಿ. ಮೂರನೇ ದಿನ ಹದಿನೈದು ನಿಮಿಷ ಹೊರಗೆ ಹೋಗಿ ಬನ್ನಿ, ಆಮೇಲೆ ಅರ್ಧ ತಾಸು. ಎರಡನೇ ವಾರ ಎರಡು ತಾಸು, ಮೂರನೇ ವಾರಕ್ಕೆ ಪೂರ್ತಿ. ಇದಕ್ಕೆ ಒಪ್ಪದೆ "ಗೇಟಿಗೆ ಬಿಟ್ಟು ಹೋಗಿ" ಅನ್ನೋ ಶಾಲೆಯಾದ್ರೆ ಬೇರೆ ನೋಡಿ.

ಕಣ್ತಪ್ಪಿಸಿ ಓಡಿ ಬರೋದೇ ದೊಡ್ಡ ತಪ್ಪು. ಒಂದು ಸಲ ಹಂಗೆ ಮಾಡಿದ್ರೆ ಮನೆಯಲ್ಲೂ ಸೆರಗು ಬಿಡಲ್ಲ. ದಿನಾ ಒಂದೇ ಮಾತು ಹೇಳಿ: "ಊಟದ ಗಂಟಿ ಹೊಡದ ಮ್ಯಾಲ ಬರ್ತೀನಿ". ಮಗುವಿಗೆ ಗಡಿಯಾರ ತಿಳಿಯಲ್ಲ, ಗಂಟೆ ತಿಳಿಯುತ್ತೆ. ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆ ನಿಂತಿರಿ. ಸೋಮವಾರ ಮತ್ತೆ ಅತ್ರೆ ಗಾಬರಿ ಬೇಡ, ಎರಡು ದಿನ ರಜೆಯ ಪರಿಣಾಮ ಅದು. ಆರು ವಾರ ಆದ್ರೂ ರಾತ್ರಿ ಬೆಚ್ಚಿ ಏಳೋದು, ಬೆಳಿಗ್ಗೆ ವಾಂತಿ, ಅಲ್ಲಿ ಹನಿ ನೀರೂ ಕುಡಿಯದಿರೋದು ಇದ್ರೆ ಬಿಡಿಸಿ, ಆರು ತಿಂಗಳು ಬಿಟ್ಟು ಹಾಕಿ.

ಶಾಲೆ ನೋಡಲು ಹೋದಾಗ ಗೋಡೆಯ ಕಾರ್ಟೂನು ಬಿಟ್ಟು ಮಕ್ಕಳ ಕಕ್ಕಸಿಗೆ ಹೋಗಿ. ಚಿಕ್ಕ ಕಮೋಡು ಇದೆಯಾ, ಚಿಲಕ ಮಗುವಿನ ಕೈಗೆ ಸಿಗದಷ್ಟು ಮೇಲಿದೆಯಾ, ಕರ್ಕೊಂಡು ಹೋಗೋ ಆಯಾ ಯಾರು, ಕೇಳಿ. ಮೂರರ ಮೇಲಿನ ಇಪ್ಪತ್ತು ಮಕ್ಕಳಿಗೆ ಒಬ್ಬ ಟೀಚರು, ಮೂರರೊಳಗಿದ್ರೆ ಹತ್ತಕ್ಕೊಬ್ಬರು ಇರಬೇಕು. ಮೂರ್ನಾಲ್ಕು ತಾಸಿಗಿಂತ ಹೆಚ್ಚು ಬೇಡ. ತಗಡಿನ ಮಾಳಿಗೆಯ ಕೋಣೆಯಾದ್ರೆ ಮಾರ್ಚ್ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನೀವೇ ಹತ್ತು ನಿಮಿಷ ಕೂತು ನೋಡಿ, ರಾಯಚೂರಿನ ಬಿಸಿಲು ಗೊತ್ತಲ್ಲ.

ಉತ್ತರ (ವೈದ್ಯರು): ಮೊದಲ ವರ್ಷ ಎಂಟು-ಹತ್ತು ಸಲ ನೆಗಡಿ ಆಗುತ್ತೆ, ಅದಕ್ಕೆ ಶಾಲೆ ಬಿಡಿಸಬೇಡಿ. ಜ್ವರ ಬಂದ್ರೆ ಮಾತ್ರ ಔಷಧಿ ಇಲ್ಲದೆ ಜ್ವರ ಇಳಿದು 24 ತಾಸು ಆದ ಮೇಲೆಯೇ ಕಳಿಸಿ. ಬೆಳಿಗ್ಗೆ ಪ್ಯಾರಸಿಟಮಾಲ್ ಕುಡಿಸಿ ಆಟೋ ಹತ್ತಿಸಿದ್ರೆ ಮಧ್ಯಾಹ್ನಕ್ಕೆ ಇಡೀ ಕ್ಲಾಸಿಗೆ ಹಂಚಿ ಬರ್ತಾರೆ. ಅಡ್ಮಿಷನ್‌ಗೆ ಮುಂಚೆ ತಾಯಿ ಕಾರ್ಡ್ ತೆಗೆದು, ಒಂದೂವರೆ ವರ್ಷದ ಡಿಪಿಟಿ ಬೂಸ್ಟರ್ ಮತ್ತು ಎರಡನೇ ದಡಾರ-ರುಬೆಲ್ಲಾ ಲಸಿಕೆ ಬಿದ್ದಿವೆಯಾ ನೋಡಿ. ಬಿಟ್ಟುಹೋಗಿದ್ರೆ ಆಶಾ ಅಕ್ಕನಿಗೆ ಹೇಳಿ, ಈಗಲೂ ಹಾಕ್ತಾರೆ.