ಬೈಕಿಗೆ ಕವಚ, ಸವಾರನಿಗೆ ಬನಿಯನ್ನು

ಸೀನ ತಾನು ಕೊಳ್ಳಲಿರುವ ಬೈಕಿನ ಜೊತೆಗೆ ತರಿಸಬೇಕಾದ ಸಾಮಾನುಗಳ ಪಟ್ಟಿಯನ್ನು ಭಕ್ತಿಯಿಂದ ಓದುತ್ತಿದ್ದನು. ಮುಂಭಾಗಕ್ಕೆ ಕ್ರ್ಯಾಶ್ ಗಾರ್ಡ್, ಎಂಜಿನ್ನಿನ ಅಡಿಗೆ ದಪ್ಪ ಲೋಹದ ತಟ್ಟೆ, ರೇಡಿಯೇಟರಿಗೆ ಜಾಲರಿ, ಚಾಸಿಗೆ ಸ್ಲೈಡರ್, ಬ್ರೇಕ್ ಲಿವರಿಗೆ ಗಾರ್ಡ್, ಟ್ಯಾಂಕಿಗೆ ಪ್ಯಾಡ್, ಬಣ್ಣಕ್ಕೆ ಗೀರು ಬೀಳದಂತೆ ಮೈತುಂಬ ಪಾರದರ್ಶಕ ಫಿಲ್ಮ್, ಇವೆಲ್ಲದರ ಮೇಲೆ ರಾತ್ರಿ ಹೊದಿಸಲು ಒಂದು ಮುಸುಕು.

“ಇದೆಲ್ಲ ಯಾರಿಗೆ?” ಎಂದು ಶಾರದಕ್ಕ ಕೇಳಿದರು.

“ಬೈಕಿಗೆ.”

“ನಿನಗೆ?”

“ನನಗೆ ಬೈಕು.”

ಶಾರದಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿಕೊಂಡರೆ ಮುಂದಿನ ಅರ್ಧ ಗಂಟೆ ಯಾರಿಗೂ ಬಿಡುಗಡೆಯಿಲ್ಲವೆಂಬುದು ಎಲ್ಲರಿಗೂ ಗೊತ್ತು. “ಕರ್ಣ ಮೈಗಂಟಿದ ಕವಚವನ್ನು ಸುಲಿದುಕೊಟ್ಟದ್ದು, ಸಾಕ್ಷಾತ್ ಇಂದ್ರನೇ ವೇಷ ಹಾಕಿಕೊಂಡು ಬಂದು ಕೈಯೊಡ್ಡಿದ ಮೇಲೆ. ನೀನು ಅವನನ್ನೂ ಮೀರಿಸಿದೆ ಕಣೋ. ಬೈಕು ಬಾಯಿ ಬಿಟ್ಟು ಬೇಡುವ ಮೊದಲೇ ಇದ್ದಬದ್ದ ಕವಚಗಳನ್ನೆಲ್ಲ ಅದಕ್ಕೆ ತೊಡಿಸಿ, ಬನಿಯನ್ನಿನಲ್ಲಿ ಯುದ್ಧಕ್ಕೆ ಹೊರಟಿದ್ದೀಯ. ಕರ್ಣನಿಗಾದರೂ ಬದಲಿಗೆ ಶಕ್ತ್ಯಾಯುಧ ಸಿಕ್ಕಿತು.”

“ಸೀನನಿಗೂ ಶಕ್ತಿ ಸಿಗುತ್ತದೆ ಶಾರದಕ್ಕ, 100 ಅಶ್ವಶಕ್ತಿ,” ಎಂದು ವಾಸು ಎದೆಯುಬ್ಬಿಸಿದನು. ಬೈಕು ಕೊಳ್ಳುವವನು ಸೀನನಾದರೂ ಆಯ್ಕೆ ವಾಸುವಿನದು. ತಾಂತ್ರಿಕ ವಿವರಗಳ ಕೋಷ್ಟಕ ಸಿಕ್ಕರೆ ಅವನು ಊಟವನ್ನೂ ಮರೆಯುತ್ತಾನೆ, ಬೈಕು ಓಡಿಸುವುದನ್ನಂತೂ ಎಂದೋ ಮರೆತಿದ್ದಾನೆ.

“ಕರ್ಣನ ಆ ಆಯುಧವನ್ನು ಒಂದೇ ಸಲ ಬಳಸಬಹುದಾಗಿತ್ತು. ನಿನ್ನೆಯಷ್ಟೇ ಕ್ಲಚ್ಚು ಹಿಡಿಯಲು ಕಲಿತವನ ಕೈಯಲ್ಲಿ ಈ 100 ಅಶ್ವಶಕ್ತಿಯ ಗತಿಯೂ ಅಷ್ಟೇ,” ಎಂದರು ಶಾರದಕ್ಕ. “ಹೊಸಬರ ಬಲಗೈ ಇನ್ನೂ ಅವರ ಮಾತು ಕೇಳುವುದಿಲ್ಲ. ಸಣ್ಣ ಹಳ್ಳ ಬಂದು ಮೈ ಕುಲುಕಿದರೆ ಮಣಿಕಟ್ಟೂ ತಿರುಗುತ್ತದೆ, ಜೊತೆಗೆ ಆಕ್ಸಿಲರೇಟರೂ ತಿರುಗುತ್ತದೆ. ಸಣ್ಣ ಎಂಜಿನ್ನು ಇಂಥ ತಪ್ಪಿಗೆ ಒಮ್ಮೆ ಮುಗ್ಗರಿಸಿ ಕ್ಷಮಿಸುತ್ತದೆ, ದೊಡ್ಡದು ಕ್ಷಮಿಸುವ ಹೊತ್ತಿಗೆ ಮುಂದಿನ ವಾಹನದ ಹಿಂಭಾಗ ಬಂದಿರುತ್ತದೆ. ವಾಸು, ನಿನ್ನ ಕೋಷ್ಟಕದಲ್ಲಿ ಸೀಟಿನ ಎತ್ತರ ಎಷ್ಟಿದೆ?”

ವಾಸು ತಡಕಾಡಿದನು. ಆ ಸಾಲನ್ನು ಅವನು ಓದಿರಲಿಲ್ಲ.

“ತೂಕ?”

“200 ಕಿಲೋ ಚಿಲ್ಲರೆ. ಆದರೆ ಓಡುವಾಗ ತೂಕ ತಿಳಿಯುವುದೇ ಇಲ್ಲವಂತೆ.”

“ಓಡುವಾಗ ತಿಳಿಯುವುದಿಲ್ಲ, ನಿಂತಾಗ ತಿಳಿಯುತ್ತದೆ. ಹೊಸಬರು ಬೈಕನ್ನು ಮೊದಲ ಸಲ ಬೀಳಿಸುವುದು ಹೆದ್ದಾರಿಯಲ್ಲಲ್ಲ, ಮನೆಯ ಮುಂದೆ, ಹಿಂದಕ್ಕೆ ತಳ್ಳಿ ತಿರುಗಿಸುವಾಗ, ವೇಗ ಸೊನ್ನೆಯಿರುವಾಗ, ನೆರೆಹೊರೆಯವರೆಲ್ಲ ನೋಡುತ್ತಿರುವಾಗ. ಒಂದು ಹಂತದವರೆಗೆ ವಾಲಿದರೆ ತೊಡೆ ಕೊಟ್ಟು ತಡೆಯಬಹುದು, ಅದನ್ನು ದಾಟಿತೋ ಭೂಮಿ ತನ್ನ ಪಾಲನ್ನು ಎಳೆದುಕೊಳ್ಳುತ್ತದೆ. ಕರ್ಣನ ರಥದ ಚಕ್ರ ಹೂತಾಗಲೂ ಹೀಗೆಯೇ ಆಗಿರಬೇಕು. ಅದಕ್ಕೇ ಹೇಳುವುದು, ಸೀಟಿನ ಮೇಲೆ ಕುಳಿತರೆ ಎರಡೂ ಪಾದ ನೆಲಕ್ಕೆ ಸರಿಯಾಗಿ ಊರಬೇಕು, ಎಂಜಿನ್ನು ಆರಿಸಿ ಒಬ್ಬನೇ ತಳ್ಳಿಕೊಂಡು ಹೋಗಲು ಆಗಬೇಕು. ಇಷ್ಟಾಗದ ಬೈಕು ಎಷ್ಟೇ ಚೆಂದವಿದ್ದರೂ ಅದು ಬೇರೆಯವರ ಬೈಕು.”

“ಮೊದಲನೆಯದು ಹಳೆಯದಾಗಿರಲಿ,” ಎಂದು ಗೋಪಾಲಣ್ಣ ಮಧ್ಯೆ ಬಾಯಿ ಹಾಕಿದರು. ಅವರಿಂದ ಇಂಥ ವ್ಯಾವಹಾರಿಕ ಮಾತು ಬಂದದ್ದು ಎಲ್ಲರಿಗೂ ಆಶ್ಚರ್ಯ.

“ನೋಡಿದೆಯಾ? ಆಗಲೇ ಗೀರು ಬಿದ್ದಿರುವ ಬೈಕನ್ನೇ ಕೊಂಡರೆ ನಿನ್ನ ಪಟ್ಟಿಯಲ್ಲಿ ಅರ್ಧ ಸಾಮಾನು ತಾನಾಗಿಯೇ ಉದುರಿಹೋಗುತ್ತದೆ. ಉಳಿದ ಹಣದಲ್ಲಿ ನಿನಗೂ ಒಂದಿಷ್ಟು ಬಟ್ಟೆ ಬರುತ್ತದೆ,” ಎಂದ ಶಾರದಕ್ಕ ಹಳೆಯ ಬೈಕು ನೋಡುವ ವಿದ್ಯೆಯನ್ನು ಬಿಚ್ಚತೊಡಗಿದರು. ಮಾರುವವನು ನಾವು ಹೋಗುವ ಮೊದಲೇ ಎಂಜಿನ್ನು ಬಿಸಿ ಮಾಡಿಟ್ಟಿದ್ದರೆ ತಣ್ಣಗಿರುವಾಗ ಅದು ಏಳಲು ಹಠ ಮಾಡುತ್ತದೆಂದು ಅನುಮಾನಿಸಬೇಕಂತೆ. ಹ್ಯಾಂಡಲಿನ ತುದಿ ಮತ್ತು ಲಿವರಿನ ತುದಿ ಎರಡೂ ಉಜ್ಜಿಹೋಗಿದ್ದರೆ ಬೈಕು ಆ ಮಗ್ಗುಲಿಗೆ ಮಲಗಿ ಎದ್ದಿದೆ ಎಂದೇ ಅರ್ಥ. ಮುಂದಿನ ಫೋರ್ಕಿನ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲು ಸೋರುತ್ತಿದೆ, ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನಿನ ಸಮೇತ ಬದಲಾಯಿಸುವ ಖರ್ಚು ಕಾದಿದೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರು, ಹೊಳಪಿಗೆ ಮರುಳಾಗಬಾರದು. ಚಾಸಿಯ ಮೇಲಿನ ಸಂಖ್ಯೆ ಕಾಗದದಲ್ಲಿರುವ ಸಂಖ್ಯೆಯೊಂದಿಗೆ ತಾಳೆಯಾಗದಿದ್ದರೆ ಮಾತನಾಡದೆ ಹೊರಟುಬರಬೇಕು.

“ಹಾಗಾದರೆ ಹೆಲ್ಮೆಟ್ಟನ್ನೂ ಹಳೆಯದೇ ತೆಗೆದುಕೊಳ್ಳುತ್ತೇನೆ,” ಎಂದು ಸೀನ ಹುಮ್ಮಸ್ಸಿನಿಂದ ಹೇಳಿದನು. ಶಾರದಕ್ಕ ಮತ್ತೊಮ್ಮೆ ಕನ್ನಡಕ ತೆಗೆದರು.

“ಅದೊಂದನ್ನು ಮಾತ್ರ ಬೇಡ. ಹೆಲ್ಮೆಟ್ಟಿನ ಹೊರಗಿನ ಚಿಪ್ಪು ನೋಡಲು ಗಟ್ಟಿ, ತಲೆ ಕಾಯುವ ಕೆಲಸದ ಹೆಚ್ಚಿನ ಪಾಲು ಒಳಗಿನ ಥರ್ಮೊಕೋಲಿನದು. ಟಿವಿ ಪೆಟ್ಟಿಗೆಯೊಳಗಿನ ಥರ್ಮೊಕೋಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದೀಯಲ್ಲ, ಒಮ್ಮೆ ತಗ್ಗಾದದ್ದು ಮತ್ತೆ ಉಬ್ಬುವುದಿಲ್ಲ. ಪೆಟ್ಟು ಬಿದ್ದಾಗ ಅದು ನುಜ್ಜಾಗುತ್ತ, ತಲೆ ನಿಲ್ಲುವುದಕ್ಕೆ ಕೆಲವು ಮಿಲಿಸೆಕೆಂಡುಗಳ ಸಮಯವನ್ನು ಹೆಚ್ಚಾಗಿ ಕೊಡುತ್ತದೆ. ಅಷ್ಟು ಮಾಡಿ ಅದು ಸತ್ತಿತು. ಹೊರಗಿನಿಂದ ನೋಡಿದರೆ ಮಾತ್ರ ಏನೂ ಆಗಿಲ್ಲದಂತೆ ಹೊಳೆಯುತ್ತಿರುತ್ತದೆ. ಬೇರೆಯವರ ಹೆಲ್ಮೆಟ್ಟು ಯಾರ ತಲೆಯನ್ನು ಯಾವಾಗ ಉಳಿಸಿ ಸತ್ತಿದೆಯೋ ಯಾರಿಗೆ ಗೊತ್ತು?”

ಗೋಪಾಲಣ್ಣ ಗಂಟಲು ಸರಿಮಾಡಿಕೊಂಡರು. “ಏನೇ ಹೇಳಿ, ಹಣೆಯಲ್ಲಿ ಬ್ರಹ್ಮ ಬರೆದದ್ದನ್ನು ತಪ್ಪಿಸಲು ಯಾರಿಂದಲೂ ಆಗುವುದಿಲ್ಲ.”

“ಬ್ರಹ್ಮ ಬರೆದಿರುವುದು ಹಣೆಯ ಮೇಲೆಯೇ ತಾನೆ ಗೋಪಾಲಣ್ಣ? ಆ ಬರಹ ರಸ್ತೆಗೆ ಉಜ್ಜಿ ಅಳಿಸಿಹೋಗದಿರಲಿ ಎಂದಾದರೂ ಮೇಲೊಂದು ರಟ್ಟು ಹಾಕಿಕೊಳ್ಳಿ.”

“ಅದನ್ನು ಹಾಕಿದರೆ ಕೂದಲು ಉದುರುತ್ತದೆ,” ಎಂದು ಗೋಪಾಲಣ್ಣ ವಾದದ ದಿಕ್ಕನ್ನು ಬದಲಿಸಿದರು. ಅವರು ಜೀವಮಾನದಲ್ಲಿ ಹೆಲ್ಮೆಟ್ಟು ಹಾಕಿದವರಲ್ಲ. ಅವರ ತಲೆಯಲ್ಲಿ ಒಂದು ಕೂದಲೂ ಇಲ್ಲ. ಎಲ್ಲರೂ ಆ ತಲೆಯನ್ನೇ ನೋಡಿದರು, ಯಾರೂ ಏನೂ ಹೇಳಲಿಲ್ಲ.

ಆ ಮೌನವನ್ನು ಮುರಿಯಲು ಶಾರದಕ್ಕ ಇತಿಹಾಸಕ್ಕೆ ಇಳಿದರು. 1935ರ ಮೇ ತಿಂಗಳಲ್ಲಿ, ಅರೇಬಿಯಾದ ಯುದ್ಧದಿಂದ ಜಗತ್ಪ್ರಸಿದ್ಧನಾಗಿದ್ದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನಲ್ಲಿ ತನ್ನ ಬ್ರಫ್ ಸುಪೀರಿಯರ್ ಬೈಕಿನಲ್ಲಿ ಹೋಗುತ್ತಿದ್ದಾಗ, ಸೈಕಲ್ಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದನು. ತಲೆಗೆ ಪೆಟ್ಟಾಗಿತ್ತು, ಹೆಲ್ಮೆಟ್ಟು ಇರಲಿಲ್ಲ, ಆರು ದಿನಗಳ ನಂತರ ತೀರಿಕೊಂಡನು. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೈರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕನಿದ್ದನು. ಸೇನೆಯ ಸಂದೇಶವಾಹಕ ಸವಾರರು ರಸ್ತೆಯಲ್ಲಿ ತಲೆಯೊಡೆದುಕೊಂಡು ಸಾಯುತ್ತಿರುವುದನ್ನು ಆತ ಅಧ್ಯಯನ ಮಾಡಿ, 1941ರಲ್ಲಿ ಹೆಲ್ಮೆಟ್ಟಿನ ಅಗತ್ಯವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದನು. ಸೇನೆ ಕೇಳಿತು. ಬ್ರಿಟನ್ನಿನಲ್ಲಿ ಎಲ್ಲ ಸವಾರರಿಗೂ ಹೆಲ್ಮೆಟ್ಟು ಕಡ್ಡಾಯವಾದದ್ದು ಮಾತ್ರ 1973ರಲ್ಲಿ, ಕೈರ್ನ್ಸ್ ತೀರಿಕೊಂಡು ಸುಮಾರು 21 ವರ್ಷಗಳಾದ ಮೇಲೆ.

“ಮರುಭೂಮಿಯ ಯುದ್ಧದಲ್ಲಿ ಸಾಯದವನು,” ಎಂದು ಸೀನ ಮೆಲ್ಲಗೆ ಹೇಳಿದನು.

“ಯುದ್ಧದಲ್ಲಿ ಎದುರಾಳಿ ಯಾರೆಂದಾದರೂ ಗೊತ್ತಿರುತ್ತದೆ. ರಸ್ತೆಯಲ್ಲಿ ಅದೂ ಇಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದೂ ಸುಮಾರು 10 ಮೀಟರ್ ಎತ್ತರದಿಂದ ಧುಮುಕುವುದೂ ನೆಲ ಮುಟ್ಟುವ ವೇಗದ ಲೆಕ್ಕದಲ್ಲಿ ಒಂದೇ.”

“100ರ ವೇಗಕ್ಕೆ 20 ಮೀಟರ್,” ಎಂದು ವಾಸು ಲೆಕ್ಕ ಮುಗಿಸಿದನು.

“40 ಮೀಟರ್. ವೇಗ ಎರಡರಷ್ಟಾದರೆ ಎತ್ತರ ನಾಲ್ಕರಷ್ಟು. ಬ್ರೇಕು ಹಾಕಿ ನಿಲ್ಲಲು ಬೇಕಾದ ದೂರವೂ ಹಾಗೆಯೇ ಬೆಳೆಯುತ್ತದೆ. ಇದು ನಿನ್ನ ಕೋಷ್ಟಕದಲ್ಲಿ ಇರುವುದಿಲ್ಲ.”

ವಾಸುವಿಗೆ ಸ್ವಲ್ಪ ಅವಮಾನವಾಯಿತು. ಆದ್ದರಿಂದ ಬ್ರೇಕಿನ ವಿಷಯ ಬಂದೊಡನೆ, ಎಬಿಎಸ್ ಇಲ್ಲದ ಮಾದರಿಯನ್ನು ಕೊಂಡು ಉಳಿದ ಹಣದಲ್ಲಿ ಗದ್ದಲ ಮಾಡುವ ಸೈಲೆನ್ಸರ್ ಹಾಕಿಸಬಹುದೆಂದೂ, ಓಡಿಸುವುದನ್ನು ತಾನೇ ಭಾನುವಾರಗಳಲ್ಲಿ ಕಲಿಸುವುದಾಗಿಯೂ ಘೋಷಿಸಿದನು.

“ಇಷ್ಟು ಹೊತ್ತು ಒಬ್ಬರ ಕೊರತೆಯಿತ್ತು. ಈಗ ಶಲ್ಯನೂ ಸಿಕ್ಕಿದ,” ಎಂದರು ಶಾರದಕ್ಕ. “ಸಾರಥಿಯ ಸ್ಥಾನದಲ್ಲಿ ಕುಳಿತು ದಾರಿ ತಪ್ಪಿಸುವುದಕ್ಕೆ. ಸೀನ, ಕರ್ಣನಿಗೆ ಪರಶುರಾಮ ಕೊಟ್ಟ ಶಾಪ ನೆನಪಿದೆಯೇ? ಕಲಿತ ವಿದ್ಯೆ ಬೇಕಾದ ಹೊತ್ತಿನಲ್ಲಿಯೇ ಮರೆತುಹೋಗಲಿ ಎಂದು. ಆ ಶಾಪ ಪ್ರತಿಯೊಬ್ಬ ಹೊಸ ಸವಾರನಿಗೂ ತಟ್ಟಿದೆ. 1981ರಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕ ಲಾಸ್ ಏಂಜಲೀಸಿನಲ್ಲಿ ನಡೆದ 900 ಬೈಕು ಅಪಘಾತಗಳ ಅಧ್ಯಯನವನ್ನು ಪ್ರಕಟಿಸಿದ. ಅಪಾಯ ಎದುರಾದ ಕ್ಷಣದಿಂದ ಡಿಕ್ಕಿಯವರೆಗೆ ಹೆಚ್ಚಿನವರಿಗೆ ಸಿಕ್ಕ ಸಮಯ ಎರಡು ಸೆಕೆಂಡೂ ಇರಲಿಲ್ಲ. ಬಿದ್ದವರಲ್ಲಿ ಬಹುಪಾಲು ಜನ ತಾವೇ ಕಲಿತವರು, ಇಲ್ಲವೇ ಮನೆಯವರಿಂದಲೋ ಗೆಳೆಯರಿಂದಲೋ ಕಲಿತವರು.”

ಗೆಳೆಯರು ಎಂಬ ಪದ ಬಂದಾಗ ವಾಸು ಕಿಟಕಿಯ ಕಡೆ ನೋಡಿದನು.

“ಆ ಎರಡು ಸೆಕೆಂಡಿನಲ್ಲಿ ನಿಲ್ಲಿಸುವ ಬಲದಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದು, ಏಕೆಂದರೆ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ. ಹೊಸಬ ಗಾಬರಿಯಲ್ಲಿ ಅದನ್ನು ಮರೆತು ಹಿಂದಿನದನ್ನು ತುಳಿಯುತ್ತಾನೆ, ಇಲ್ಲವೇ ಮುಂದಿನದನ್ನು ಒಮ್ಮೆಗೇ ಹಿಂಡಿ ಚಕ್ರ ಕಚ್ಚಿಸಿ ಬೀಳುತ್ತಾನೆ. ಎಬಿಎಸ್ ಆ ಕಚ್ಚುವಿಕೆಯನ್ನು ತಡೆಯುತ್ತದೆ. 1988ರಲ್ಲಿ ಬಿಎಂಡಬ್ಲ್ಯು ತನ್ನ ಕೆ100 ಬೈಕಿಗೆ ಅದನ್ನು ಅಳವಡಿಸಿದಾಗಿನಿಂದ ಇಂದಿನವರೆಗೆ ಪರಶುರಾಮನ ಶಾಪಕ್ಕೆ ಸಿಕ್ಕ ಪರಿಹಾರಗಳಲ್ಲಿ ಅದು ಮುಖ್ಯವಾದದ್ದು. ನೀನು ಅದನ್ನು ಮಾರಿ ಸೈಲೆನ್ಸರ್ ಕೊಳ್ಳುತ್ತೀಯಂತೆ. ಬೀಳುವ ಸದ್ದು ಊರಿಗೆಲ್ಲ ಕೇಳಿಸಲಿ ಎಂದೇ?”

ಇನ್ನು ಉಳಿದದ್ದು ಸೀನನ ಬಟ್ಟೆ. ಬೀಳುವಾಗ ಯಾರೇ ಆಗಲಿ ಮೊದಲು ಅಂಗೈ ಊರುವುದರಿಂದ ಗ್ಲೌಸು ಬೇಕೇಬೇಕೆಂದೂ, ಬೆರಳು ಕಾಣುವ ಅರ್ಧ ಗ್ಲೌಸು ಫೋಟೋಗಷ್ಟೇ ಆದೀತೆಂದೂ, 200 ಕಿಲೋ ತೂಕ ಹರಡಿನ ಮೇಲೆ ಬಿದ್ದರೆ ಚಪ್ಪಲಿಯಿಂದ ಯಾವ ಸಹಾಯವೂ ಆಗದೆಂದೂ, ಡಾಂಬರಿನ ಮೇಲೆ ಜಾರಿದರೆ ಸಾಧಾರಣ ಜೀನ್ಸ್ ಕ್ಷಣಾರ್ಧದಲ್ಲಿ ಹರಿದು ಮುಂದಿನ ಸರದಿ ಚರ್ಮದ್ದಾಗುವುದೆಂದೂ ಶಾರದಕ್ಕ ಹೇಳಿದರು. ಸವಾರರ ಜಾಕೆಟ್ಟುಗಳಿಗೆ ಯುರೋಪಿನ ಇಎನ್ 17092 ಮಾನದಂಡದಲ್ಲಿ ಎಎಎ, ಎಎ, ಎ ಎಂಬ ದರ್ಜೆಗಳಿವೆ ಎಂದಾಗ ವಾಸುವಿನ ಮುಖ ಅರಳಿತು. ಬೆನ್ನಿನ ರಕ್ಷಾಫಲಕಕ್ಕೂ ಅಂಕಿಗಳುಂಟೆಂದು ಕೇಳಿ ಅವನು ಕುರ್ಚಿಯನ್ನೇ ಹತ್ತಿರ ಎಳೆದುಕೊಂಡನು.

“ಮೊದಲ ಹಂತದ್ದು ಸರಾಸರಿ 18 ಕಿಲೋನ್ಯೂಟನ್ನಿಗಿಂತ ಹೆಚ್ಚು ಬಲವನ್ನು ಬೆನ್ನಿಗೆ ದಾಟಿಸಬಾರದು, ಎರಡನೆಯ ಹಂತದ್ದು 9ಕ್ಕಿಂತ ಹೆಚ್ಚು ದಾಟಿಸಬಾರದು.”

“ಹಾಗಾದರೆ 18ರದ್ದೇ ಮೇಲು.”

“ಇಲ್ಲಿ ಕಡಿಮೆಯಾದಷ್ಟೂ ಮೇಲು ವಾಸು.”

ಕಡಿಮೆಯಾದಷ್ಟೂ ಮೇಲಾಗುವ ಅಂಕಿಯೊಂದು ಬೈಕಿನ ಲೋಕದಲ್ಲಿ ಇರುವುದು ಸಾಧ್ಯವೆಂದು ಒಪ್ಪಿಕೊಳ್ಳಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಗೋಪಾಲಣ್ಣ ಮಾತ್ರ ಬೇರೆಲ್ಲೋ ಇದ್ದರು. “ನಿಮ್ಮ ಲೆಕ್ಕಗಳೆಲ್ಲ ಸರಿಯೇ ಶಾರದಮ್ಮ. ಆದರೆ ನಮ್ಮ ಕಾಲದಲ್ಲಿ ಬೈಕು ಓಡಿಸುವುದೆಂದರೆ ಗಾಳಿಯಲ್ಲಿ ಮುಖ ತೊಳೆದುಕೊಳ್ಳುವುದು. ಮಳೆ ಬರುವ ಮೊದಲೇ ಮಣ್ಣಿನ ವಾಸನೆ ಬರುತ್ತಿತ್ತು. ನನ್ನವಳು ಹಿಂದೆ ಕುಳಿತು, ನನ್ನ ಹೆಗಲ ಮೇಲೆ ಗದ್ದ ಊರಿ, ಮನೆಯಲ್ಲಿ ಬಾಯಿ ಬಿಡದ ಮಾತುಗಳನ್ನೆಲ್ಲ ದಾರಿಯಲ್ಲಿ ಆಡುತ್ತಿದ್ದಳು. ಅತ್ತೆಗೆ ಕೇಳಿಸಬಾರದ ಮಾತು, ಮಕ್ಕಳಿಗೆ ಕೇಳಿಸಬಾರದ ಮಾತು. ಈಗ ಮಗ ಸೊಸೆ ಇಬ್ಬರೂ ಆ ಡಬ್ಬಿಗಳನ್ನು ಹಾಕಿಕೊಂಡು ಹೊರಟರೆ ಒಂದಕ್ಕೊಂದು ಟಕ್ ಎಂದು ತಾಗುತ್ತವೆ, ಅಷ್ಟೇ. ನನ್ನವಳು ಹೋಗಿ ಇಷ್ಟು ವರ್ಷವಾದರೂ ಬೈಕಿನ ಮೇಲೆ ಕುಳಿತಾಗ ಹೆಗಲಿನ ಈ ಜಾಗ ಸುಮ್ಮನಿರುವುದಿಲ್ಲ.”

ಶಾರದಕ್ಕನ ಬಳಿ ಎಲ್ಲದಕ್ಕೂ ಉತ್ತರವಿರುತ್ತದೆ. ಈ ಸಲ ಅವರು ಕನ್ನಡಕ ಒರೆಸಿಕೊಂಡದ್ದು ಮಾತನಾಡುವುದಕ್ಕಾಗಿ ಇದ್ದಂತಿರಲಿಲ್ಲ. “ಅದನ್ನು ಹೆಲ್ಮೆಟ್ಟು ಕಿತ್ತುಕೊಳ್ಳುತ್ತದೆ, ನಿಜ,” ಎಂದರು. “ಆ ನಷ್ಟವನ್ನು ನಾನು ಇಲ್ಲವೆನ್ನುವುದಿಲ್ಲ.”

ಸ್ವಲ್ಪ ಹೊತ್ತಿನ ಮೇಲೆ ಸೀನನೇ ಒಳಗೆ ಹೋಗಿ ಹೊಲಿಗೆಯ ಟೇಪು ತಂದನು. ಹುಬ್ಬಿನಿಂದ ಬೆರಳಗಲ ಮೇಲೆ ತಲೆಯ ಸುತ್ತ ಅಳೆಯಬೇಕು, ಹೆಲ್ಮೆಟ್ಟು ಕೆನ್ನೆಯನ್ನು ಒತ್ತಿ ಹಿಡಿಯಬೇಕು ಆದರೆ ಹಣೆ ನೋಯಬಾರದು, ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮುಂದಕ್ಕೆ ಎಳೆದರೆ ಕಳಚಿ ಬರಬಾರದು, ಇಸಿಇ 22.06ರಂಥ ಪರೀಕ್ಷೆ ಪಾಸಾದ ಗುರುತಿರಬೇಕು, ಗದ್ದ ಮುಚ್ಚುವಂಥದ್ದೇ ಆಗಿರಬೇಕು ಎಂದು ಶಾರದಕ್ಕ ಹೇಳುತ್ತಿರುವಾಗಲೇ ಸೀನನ ತಲೆ 57 ಸೆಂಟಿಮೀಟರ್ ಎಂದು ತೀರ್ಮಾನವಾಯಿತು. ವಾಸು ಟೇಪನ್ನು ಕಸಿದುಕೊಂಡು ತನ್ನದನ್ನು ಅಳೆದುಕೊಂಡನು.

“60! ಸೀನನಿಗಿಂತ 3 ಹೆಚ್ಚು!”

“ಅದು ಹೊರಗಿನ ಸುತ್ತಳತೆ,” ಎಂದರು ಶಾರದಕ್ಕ.

ಗೋಪಾಲಣ್ಣ ಕೈ ಚಾಚಿದರು. “ಇಲ್ಲಿ ಕೊಡು ನೋಡೋಣ. ಕೊಳ್ಳುವುದಕ್ಕೇನೂ ಅಲ್ಲ, ಬ್ರಹ್ಮ ನನಗೆ ಎಷ್ಟು ಉದ್ದ ಬರೆದಿದ್ದಾನೆಂದು ತಿಳಿಯಲಿ.” ಟೇಪು ಆ ನುಣ್ಣನೆಯ ತಲೆಯ ಮೇಲೆ ನಿಲ್ಲದೆ ಜಾರಿ ಜಾರಿ ಮೂಗಿಗೆ ಬರುತ್ತಿತ್ತು. ಮೂರನೆಯ ಸಲ ಸೀನ ಹಿಂದಿನಿಂದ ಹಿಡಿದುಕೊಂಡ ಮೇಲೆ 61 ಎಂದು ಬಂದಿತು. ವಾಸು ಅದನ್ನು ಒಪ್ಪದೆ, ಗೋಪಾಲಣ್ಣನ ಕಿವಿಯನ್ನೂ ಸೇರಿಸಿ ಅಳೆದಿದ್ದಾರೆಂದು ತಕರಾರು ತೆಗೆದು, ಮತ್ತೊಮ್ಮೆ ಅಳೆಯಬೇಕೆಂದು ಹಠ ಹಿಡಿದನು.