ದಿಯು ದ್ವೀಪದಲ್ಲಿ ಮೂರು ದಿನ: ಹೋಗಿಬಂದವರು ತಿಳಿಸಬೇಕಾಗಿ ವಿನಂತಿ

ಪ್ರಶ್ನೆ:
ಬರುವ ಜನವರಿಯಲ್ಲಿ ಸೋಮನಾಥನ ದರ್ಶನ ಮುಗಿಸಿಕೊಂಡು, ಅಲ್ಲಿಂದ ರಸ್ತೆಯಲ್ಲಿ ಎರಡು ಗಂಟೆಯಷ್ಟು ದೂರವಿರುವ ದಿಯು ದ್ವೀಪದಲ್ಲಿ ಮೂರು ದಿನ ತಂಗಬೇಕೆಂದಿದ್ದೇವೆ. ಜೊತೆಯಲ್ಲಿ ಮಂಡಿನೋವಿರುವ ಅತ್ತೆಯವರೂ, ಇತಿಹಾಸವೆಂದರೆ ಊಟ ಬಿಡುವ ಮಗಳೂ ಇರುತ್ತಾರೆ. ಗದ್ದಲವಿಲ್ಲದ ಕಡಲತೀರ ಯಾವುದು, ಎಲ್ಲಿ ಉಳಿಯಬೇಕು, ಯಾವುದನ್ನು ಬಿಡಬಹುದು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಧಾರವಾಡದಿಂದ ಒಬ್ಬರು:
ಮೊದಲು ವಾರವನ್ನು ನೋಡಿಕೊಳ್ಳಿ, ಆಮೇಲೆ ತಾರೀಖು. ಗುಜರಾತಿನಲ್ಲಿ ಪಾನನಿಷೇಧವಿದೆ, ಕೇಂದ್ರಾಡಳಿತಕ್ಕೆ ಸೇರಿದ ದಿಯುವಿನಲ್ಲಿ ಇಲ್ಲ. ಹೀಗಾಗಿ ಶನಿವಾರ, ಭಾನುವಾರಗಳಲ್ಲಿ ಆಚೆಯಿಂದ ಜನ ತಂಡತಂಡವಾಗಿ ಬರುತ್ತಾರೆ, ಅವರಲ್ಲಿ ಬಹುಪಾಲು ಜನ ನಾಗೋವಾ ತೀರದಲ್ಲೇ ಸೇರುತ್ತಾರೆ. ಸೋಮವಾರದಿಂದ ಗುರುವಾರದೊಳಗೆ ಹೋದರೆ ಅದೇ ನಾಗೋವಾ ಬೇರೆ ಊರೆನಿಸುತ್ತದೆ. ಅರ್ಧಚಂದ್ರಾಕಾರದ ಆ ತೀರದ ಅಂಚಿನಲ್ಲಿರುವ ಹೋಕಾ ಮರಗಳನ್ನು ಅತ್ತೆಯವರಿಗೆ ತೋರಿಸಿ: ಅವು ತಾಳೆಯ ಜಾತಿಯವೇ, ಆದರೆ ನಮ್ಮ ಕಡೆಯ ತಾಳೆಯಂತೆ ಒಂಟಿಕಾಂಡವಾಗಿ ನಿಲ್ಲದೆ ಕವಲೊಡೆದು ಬೆಳೆಯುತ್ತವೆ. ಇನ್ನೂ ನಿಶ್ಶಬ್ದ ಬೇಕೆಂದರೆ ದಕ್ಷಿಣದ ಜಲಂಧರ, ಚಕ್ರತೀರ್ಥ ತೀರಗಳಿವೆ. ಅಲ್ಲಿ ಬಂಡೆ ಹೆಚ್ಚು, ಕೂತು ನೋಡುವುದಕ್ಕೆ ಒಳ್ಳೆಯದು, ಈಜುವುದಕ್ಕಲ್ಲ.

ವಸತಿಯನ್ನು ತೀರದಲ್ಲಿ ಮಾಡದೆ ಹಳೆಯ ಪೇಟೆಯಲ್ಲಿ ಮಾಡುವುದು ಲೇಸು, ಏಕೆಂದರೆ ಕೋಟೆಯೂ ಇಗರ್ಜಿಗಳೂ ದೋಣಿಕಟ್ಟೆಯೂ ಅಲ್ಲಿಂದ ನಡಿಗೆಯ ದೂರದಲ್ಲಿವೆ. ಕೋಟೆಗೆ ಹೋಗುವ ಮುನ್ನ ಮಗಳು ಇಷ್ಟು ತಿಳಿದಿರಲಿ: ಹುಮಾಯೂನನ ಒತ್ತಡಕ್ಕೆ ಸಿಕ್ಕಿದ್ದ ಗುಜರಾತಿನ ಸುಲ್ತಾನ ಬಹಾದುರ್ ಶಾಹನು 1535ರಲ್ಲಿ ಪೋರ್ಚುಗೀಸರಿಗೆ ಇಲ್ಲಿ ಕೋಟೆ ಕಟ್ಟಲು ಒಪ್ಪಿದನು, 1537ರಲ್ಲಿ ಅವರ ಹಡಗಿಗೆ ಮಾತುಕತೆಗೆಂದು ಹೋದವನು ಮರಳುವಾಗ ನಡೆದ ಹೊಡೆದಾಟದಲ್ಲಿ ಇದೇ ಕಡಲಲ್ಲಿ ಸತ್ತನು, 1538ರಲ್ಲಿ ಆಟೋಮನ್ (ತುರ್ಕಿ) ನೌಕಾಪಡೆಯ ನೆರವಿನೊಂದಿಗೆ, 1546ರಲ್ಲಿ ಮತ್ತೊಮ್ಮೆ ಗುಜರಾತಿನ ಸೇನೆ ಮುತ್ತಿಗೆ ಹಾಕಿದರೂ ಕೋಟೆ ಬೀಳಲಿಲ್ಲ. ಬಂಡೆಯನ್ನೇ ಕಡಿದು ಮಾಡಿದ ಕಂದಕವನ್ನು ನೋಡಿದಾಗ ಏಕೆ ಬೀಳಲಿಲ್ಲವೆಂಬುದು ಅರ್ಥವಾಗುತ್ತದೆ. ಬೆಳಿಗ್ಗೆಯೇ ಹೋಗಿ, ಮೇಲೆ ನೆರಳಿಲ್ಲ. ಸೇಂಟ್ ಪಾಲ್ ಇಗರ್ಜಿಯನ್ನು ಬಿಡಬೇಡಿ. ನೈದಾ ಗುಹೆಗಳು ಚಿತ್ರ ತೆಗೆಯುವವರಿಗೆ ಹಬ್ಬ. ನೆಲ ಏರುಪೇರಾಗಿರುವುದರಿಂದ ಅತ್ತೆಯವರಿಗೆ ಬೇಡ.

ಮಲ್ಪೆಯಿಂದ ಒಬ್ಬರು:
ಮೇಲಿನವರು ಕೋಟೆಯನ್ನು ಹೇಳಿದರು, ಆದರೆ ಕೋಟೆ ಹುಟ್ಟಿದ್ದೇ ಬಂದರಿನಿಂದ. ದ್ವೀಪಕ್ಕೂ ಸೌರಾಷ್ಟ್ರದ ನೆಲಕ್ಕೂ ನಡುವೆ ಕಿರಿದಾದ ಅಳಿವೆಯಿದ್ದು, ತೆಂಕಣ ಕಡಲು ಎಷ್ಟೇ ಮೊರೆದರೂ ಬಡಗಣ ಬದಿಯ ನೀರು ಶಾಂತವಾಗಿರುತ್ತದೆ. ಕೆಂಪು ಸಮುದ್ರದ ಕಡೆಗೆ ಹೋಗಿಬರುವ ಹಡಗುಗಳಿಗೆ ಇಂತಹ ಆಸರೆ ಎಷ್ಟು ಬೆಲೆಬಾಳುತ್ತಿತ್ತೆಂದರೆ, ಕೋಟೆಗಿಂತ ಮೊದಲೇ, 1509ರಲ್ಲಿ, ಅದಕ್ಕಾಗಿ ಇಲ್ಲಿ ದೊಡ್ಡ ನೌಕಾಯುದ್ಧವೇ ನಡೆಯಿತು. ಅಳಿವೆಯ ಬಾಯಲ್ಲಿ ನೀರಿನ ನಡುವೆಯೇ ನಿಂತಿರುವ ಪಾನಿಕೋಠಾ ಎಂಬ ಕಿರುಕೋಟೆಯನ್ನು ಸಂಜೆ ದೋಣಿಕಟ್ಟೆಯಿಂದ ನೋಡಿ.

ಒಂದು ಬೆಳಿಗ್ಗೆಯನ್ನು ಪಶ್ಚಿಮದ ತುದಿಯ ವಣಕಬಾರಾ ಮೀನುಗಾರಿಕೆ ಬಂದರಿಗೆ ಮೀಸಲಿಡಿ. ದ್ವೀಪ ಸಣ್ಣದು, ಸುಮಾರು 40 ಚದರ ಕಿ.ಮೀ. ಮಾತ್ರ, ರಿಕ್ಷಾದಲ್ಲಿ ಹೋಗಿಬರಬಹುದು. ದಡದಲ್ಲೇ ಹೊಸ ದೋಣಿಗಳನ್ನು ಕಟ್ಟುತ್ತಾರೆ, ಪಕ್ಕದಲ್ಲಿ ಹೆಂಗಸರು ಮೀನು ವಿಂಗಡಿಸುತ್ತಾರೆ, ಹರಿದ ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಬಿಗಿಹಿಡಿದು ಮುದುಕರು ಹೆಣೆಯುತ್ತಾರೆ. ನಮ್ಮ ಬಂದರಿನ ಕೆಲಸವೇ, ಭಾಷೆ ಮಾತ್ರ ಗುಜರಾತಿ. ವಾಸನೆ ಆಗದವರು ರಿಕ್ಷಾದಲ್ಲೇ ಕೂರಬಹುದು.

ಹುಬ್ಬಳ್ಳಿಯಿಂದ ಒಬ್ಬರು:
ಒಂದೇ ಮಾತು. ದಿಯುವಿನಲ್ಲಿ ಮದ್ಯ ಅಗ್ಗವೆಂದು ಮರಳುವಾಗ ಚೀಲದಲ್ಲಿ ಬಾಟಲಿ ಇಟ್ಟುಕೊಳ್ಳಬೇಡಿ. ಗುಜರಾತಿನ ಗಡಿ ದಾಟಿದೊಡನೆ ಅದು ಅಪರಾಧ, ತನಿಖಾಠಾಣೆಯಲ್ಲಿ ವಾಹನ ತಡೆದು ನೋಡುತ್ತಾರೆ. ಬಾಡಿಗೆ ಕಾರಿನ ಚಾಲಕರಿಗೂ ಇದನ್ನು ಮೊದಲೇ ಹೇಳಿರಿ.

ಮೈಸೂರಿನಿಂದ ಒಬ್ಬರು:
ಹಳೆಯ ಪೇಟೆಯಲ್ಲೇ ಉಳಿಯಬೇಕೆಂಬ ಸಲಹೆಯನ್ನು ನಾನು ಪೂರ್ತಿ ಒಪ್ಪಲಾರೆ. ನಮ್ಮ ತಾಯಿಯವರಿಗೂ ಮಂಡಿನೋವಿತ್ತು. ಹಳೆಯ ಕಟ್ಟಡಗಳ ಕಡಿದಾದ ಮೆಟ್ಟಿಲುಗಳೇ ಅವರಿಗೆ ಕಷ್ಟವಾದವು. ಸೇತುವೆಯಾಚೆ, ಸೌರಾಷ್ಟ್ರದ ನೆಲದಲ್ಲಿದ್ದರೂ ದಿಯುವಿಗೇ ಸೇರಿದ ಘೋಘಲಾದ ತೀರ ಉದ್ದವಾಗಿ, ಸಮತಟ್ಟಾಗಿದೆ. 2020ರಲ್ಲಿ ಅದಕ್ಕೆ, ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಸಿಕ್ಕಿತು. ನೆಲಮಹಡಿಯ ಕೋಣೆಯನ್ನು ಕೇಳಿ ಪಡೆಯಿರಿ.

ಫುದಮ್ ಹಳ್ಳಿಯ ಗಂಗೇಶ್ವರ ಅತ್ತೆಯವರಿಗೆ ಖಂಡಿತ ಹಿಡಿಸುತ್ತದೆ. ಕಡಲಂಚಿನ ಬಂಡೆಯ ಸಂದಿನಲ್ಲಿ ಐದು ಲಿಂಗಗಳಿವೆ; ಉಬ್ಬರದ ಹೊತ್ತಿನಲ್ಲಿ ಅಲೆ ನುಗ್ಗಿ ಬಂದು ಅವುಗಳಿಗೆ ಅಭಿಷೇಕ ಮಾಡಿ, ಆಗತಾನೇ ಏರಿಸಿದ ಹೂವು ಬಿಲ್ವಪತ್ರೆಗಳನ್ನು ಎಳೆದುಕೊಂಡು ಹೋಗುತ್ತದೆ. ಕೆಳಗೆ ಇಳಿಯಲು ಮೆಟ್ಟಿಲುಗಳಿವೆ, ಅವು ಒದ್ದೆಯಾಗಿರುತ್ತವೆ. ಕೈ ಹಿಡಿದು ಇಳಿಸಲು ಒಬ್ಬರಿರಬೇಕು. ಉಬ್ಬರದ ಸಮಯವನ್ನು ಹಿಂದಿನ ದಿನವೇ ವಸತಿಗೃಹದಲ್ಲಿ ಕೇಳಿಕೊಳ್ಳಿ. ಜನವರಿಯಲ್ಲಿ ಅಲ್ಲಿ ಸೂರ್ಯೋದಯವಾಗುವುದೇ ಏಳೂಕಾಲು ದಾಟಿದ ಮೇಲೆ, ಆದ್ದರಿಂದ ಬೆಳಗಿನ ದರ್ಶನಕ್ಕೆ ಅವರನ್ನು ಕತ್ತಲಲ್ಲಿ ಎಬ್ಬಿಸುವ ಅಗತ್ಯವಿಲ್ಲ.