ಮುಂದಿನ ವಾರ ಬಿಸಿಲು ಸಿಗಬಹುದಾ? ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಹೇಳಿ

ತೋಟದಮನೆ (ಪೆರ್ಲ):

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮುಗಿಯುತ್ತಾ ಬಂತು, ಮಳೆಗೆ ಮಾತ್ರ ಹೋಗುವ ಮನಸ್ಸೇ ಇಲ್ಲ. ಈಗ ಕೆಲವು ದಿನಗಳಿಂದ ಒಂದೇ ಕಥೆ. ಬೆಳಿಗ್ಗೆ ಚುರುಚುರು ಬಿಸಿಲು, ಇವತ್ತು ಅಂಗಳಕ್ಕೆ ಏನಾದರೂ ಹರಡಬಹುದು ಅನಿಸುತ್ತದೆ, ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಮೂಡು ಬದಿ ಕಪ್ಪು, ಆಮೇಲೆ ಗುಡುಗು, ಆಮೇಲೆ ಟಾರ್ಪಾಲು ಎಳೆಯಲು ಓಟ.

ನನಗೆ ಎರಡು ಕೆಲಸ ಬಾಕಿ ಇದೆ. ಒಂದು, ಕೊಳೆರೋಗ ಬಾರದ ಹಾಗೆ ಅಡಿಕೆಗೆ ಮೂರನೇ ಸಲ ಮದ್ದು (ತುತ್ತು, ಸುಣ್ಣದ ಬೋರ್ಡೋ ದ್ರಾವಣ) ಬಿಡಿಸಬೇಕು. ಇನ್ನೊಂದು, ಕೆಳಗಿನ ಗದ್ದೆಯ ಏಣೆಲು (ಮಳೆಗಾಲದ ಭತ್ತದ ಬೆಳೆ) ಪೈರು ಕೊಯ್ಲಿಗೆ ಬಂದಿದೆ. ಮದ್ದು ಬಿಡುವವರು ಒಂದು ದಿನ ಹೇಳಿದರೆ ಅವತ್ತೇ. ಮಳೆ ಅಂತ ಬೇಡ ಹೇಳಿದರೆ ಬೇರೆಯವರ ತೋಟಕ್ಕೆ ಹೋಗುತ್ತಾರೆ, ಮತ್ತೆ ಯಾವಾಗ ಅಂತ ದೇವರಿಗೇ ಗೊತ್ತು.

ಯಾರನ್ನು ನಂಬುವುದು ಅಂತಲೇ ತಿಳಿಯುತ್ತಿಲ್ಲ. ನನ್ನ ಫೋನು ಏಳೂ ದಿನ ಮೋಡದ ಚಿತ್ರ ತೋರಿಸಿ ಶೇಕಡಾ 70 ಅನ್ನುತ್ತದೆ. ಮಲಯಾಳ ಚಾನೆಲ್‌ನಲ್ಲಿ ಕೇರಳದ ನಮ್ಮ ಕಾಸರಗೋಡು ಜಿಲ್ಲೆಗೆ ಯೆಲ್ಲೋ ಅಲರ್ಟ್. ಕನ್ನಡ ಚಾನೆಲ್ ಹಾಕಿದರೆ ಮುಂಗಾರು ವಾಪಸು ಹೊರಟಿತು ಅಂತ ಸುದ್ದಿ. ಹೊರಟದ್ದು ಎಲ್ಲಿಂದ ಮಾರಾಯ್ರೆ, ನಮ್ಮ ಅಂಗಳದಿಂದ ಅಂತೂ ಅಲ್ಲ. ಅನುಭವ ಇದ್ದವರು ಯಾರಾದರೂ ಹೇಳಿ.

ಮಳೆಲೆಕ್ಕ (ನೀರ್ಚಾಲು):

ಎರಡೂ ಚಾನೆಲ್ ಹೇಳಿದ್ದು ಸರಿಯೇ ಅಣ್ಣ. ಮುಂಗಾರು ಮೊದಲು ಬಿಡುವುದು ರಾಜಸ್ಥಾನದ ಪಶ್ಚಿಮ ಭಾಗದಿಂದ. ಹಿಂದೆ ಅದಕ್ಕೆ ಸೆಪ್ಟೆಂಬರ್ 1 ಅಂತ ವಾಡಿಕೆಯ ದಿನ ಇತ್ತು, 2020ರಲ್ಲಿ ಹವಾಮಾನ ಇಲಾಖೆಯವರು ಅದನ್ನು ಸೆಪ್ಟೆಂಬರ್ 17ಕ್ಕೆ ಬದಲಿಸಿದರು. ಅಲ್ಲಿಂದ ಹಿಂದೆ ಸರಿಯುತ್ತಾ ದಕ್ಷಿಣದ ತುದಿಯವರೆಗೆ ಪೂರ್ತಿ ಖಾಲಿಯಾಗಲು ಸಾಧಾರಣ ಅಕ್ಟೋಬರ್ 15 ಆಗುತ್ತದೆ. ಹಿಂಗಾರು ಶುರುವಾಗುವ ವಾಡಿಕೆ ಅಕ್ಟೋಬರ್ 20ರ ಹೊತ್ತಿಗೆ. ಲೆಕ್ಕ ಹಾಕಿ ನೋಡಿ, ನಮಗೆ ನಡುವೆ ಸಿಗುವುದು ಎಷ್ಟು? ಜೂನ್ 1ಕ್ಕೆ ಕೇರಳಕ್ಕೆ ಮೊದಲು ಕಾಲಿಟ್ಟದ್ದು ಕೇರಳವನ್ನು ಬಿಡುವುದು ಕೊನೆಗೆ. ಅದಕ್ಕೇ ಟಿವಿಯಲ್ಲಿ "ವಾಪಸು" ಅಂತ ಕೇಳಿದ ಕೂಡಲೇ ಟಾರ್ಪಾಲು ಮಡಚಬೇಡಿ.

ಈಗ ಯೆಲ್ಲೋ ಅಲರ್ಟ್ ವಿಷಯ. ಇಡೀ ದಿನ ಮಳೆ ಅಂತ ಅದರ ಅರ್ಥ ಅಲ್ಲ. ಜಿಲ್ಲೆಯ ಯಾವುದಾದರೂ ಒಂದೆರಡು ಕಡೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬೀಳಬಹುದು ಅಂತ. ಆರೆಂಜ್ ಅಂದರೆ 115.6ರಿಂದ 204.4ರವರೆಗೆ, ಅದರ ಮೇಲೆ ರೆಡ್. ಆ "ಒಂದೆರಡು ಕಡೆ" ಅನ್ನುವುದನ್ನು ಜನ ಗಮನಿಸುವುದೇ ಇಲ್ಲ. ಇಲಾಖೆಯ ಭಾಷೆಯಲ್ಲಿ ಅದು ಜಿಲ್ಲೆಯ ಮಳೆ ಅಳೆಯುವ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗ. "ಹೆಚ್ಚಿನ ಕಡೆ" ಅಂತ ಬಂದರೆ ಆಗ ಮುಕ್ಕಾಲು ಭಾಗದ ಮೇಲೆ. ಹಾಗಾಗಿ ಬಣ್ಣ ನೋಡುವ ಮೊದಲು ಎಷ್ಟು ಕಡೆ ಅಂತ ಓದಿ. ಈ ತಿಂಗಳ ಗುಡುಗು ಮಳೆಯಲ್ಲಿ ಪೆರ್ಲಕ್ಕೆ ಬಡಿದದ್ದು ಬದಿಯಡ್ಕದಲ್ಲಿ ಅಂಗಿ ಒದ್ದೆ ಮಾಡದೆ ಹೋಗಬಹುದು.

ಫೋನಿನ ಶೇಕಡಾ 70 ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅದು ಕಂಪ್ಯೂಟರ್ ಮಾದರಿಯ ಲೆಕ್ಕ, ದೊಡ್ಡ ದೊಡ್ಡ ಚೌಕ ಮಾಡಿ ತೆಗೆದದ್ದು, ನಮ್ಮ ಗುಡ್ಡ ತಗ್ಗು ಅದಕ್ಕೆ ಅಷ್ಟು ಕಾಣುವುದಿಲ್ಲ. ದಿನದಲ್ಲಿ ಯಾವಾಗಲೋ ಒಮ್ಮೆ ಹನಿ ಬೀಳುವ ಸಾಧ್ಯತೆ ಅಷ್ಟಿದೆ ಅನ್ನುತ್ತದೆ, ಬೀಳುವುದು ಬೆಳಗ್ಗೆ ಏಳಕ್ಕಾ ಸಂಜೆ ನಾಲ್ಕಕ್ಕಾ ಅಂತ ಆ ಚಿತ್ರದಲ್ಲಿ ಇಲ್ಲ. ನಿಮಗೆ ಬೇಕಾದ್ದು ಅದೇ ಅಲ್ವಾ? ಈ ಸಮಯದಲ್ಲಿ ಕೇಳಬೇಕಾದ್ದು ಮಳೆ ಉಂಟಾ ಇಲ್ವಾ ಅಂತ ಅಲ್ಲ, ಎಷ್ಟು ಗಂಟೆಗೆ ಅಂತ.

ಕಡಲಬದಿ (ಉಪ್ಪಳ):

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಜಿಲ್ಲೆಯ ಮುನ್ಸೂಚನೆ ತಿರುವನಂತಪುರದ ಹವಾಮಾನ ಕೇಂದ್ರದಿಂದ ಬರುತ್ತದೆ. ದಕ್ಷಿಣ ಕನ್ನಡದ್ದು ಬೆಂಗಳೂರಿನಿಂದ. ಪೆರ್ಲದಿಂದ ವಿಟ್ಲಕ್ಕೆ ಎಷ್ಟು ದೂರ? ಮೋಡಕ್ಕೆ ಗಡಿ ಗೊತ್ತಿಲ್ಲ. ನೀವು ಎರಡನ್ನೂ ನೋಡಿ. ಎರಡೂ ಕಡೆ ಹಸಿರು (ಎಚ್ಚರಿಕೆ ಏನೂ ಇಲ್ಲ ಅಂತ) ಇದ್ದರೆ ಧೈರ್ಯ ಮಾಡಬಹುದು. ಒಂದು ಕಡೆ ಹಳದಿ, ಇನ್ನೊಂದು ಕಡೆ ಹಸಿರು ಇದ್ದರೆ ಗಡಿಯವರು ಹಳದಿ ಅಂತಲೇ ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ವಾಟ್ಸಾಪ್ ಗ್ರೂಪುಗಳಿಗೆ ಬರುವ ಅಲರ್ಟ್ ಎಲ್ಲ ಮಲಯಾಳದಲ್ಲಿ, ಮನೆಯ ಹಿರಿಯರಿಗೆ ಓದಲು ಬರುವುದಿಲ್ಲ, ಅದೊಂದು ಬೇರೆ ತಲೆನೋವು. ಮಕ್ಕಳಿಗೆ ಶಾಲೆಗೆ ರಜೆ ಉಂಟಾ ಇಲ್ವಾ ಅನ್ನುವಷ್ಟು ಮಾತ್ರ ಎಲ್ಲರಿಗೂ ತಕ್ಷಣ ಅರ್ಥ ಆಗುತ್ತದೆ!

ಮತ್ತೆ ಗಾಳಿ ನೋಡಿ. ಮಳೆ ಪಡುವಿನಿಂದ ಬರುತ್ತಿದ್ದರೆ ಮುಂಗಾರು ಇನ್ನೂ ಗಟ್ಟಿ ಇದೆ ಅಂತ. ಅದು ರಾತ್ರಿ, ಬೆಳಗಿನ ಜಾವ, ಯಾವಾಗ ಬೇಕಾದರೂ ಸುರಿಯುತ್ತದೆ. ಮಧ್ಯಾಹ್ನ ಮೇಲೆ ಘಟ್ಟದ ಬದಿಯಿಂದ ಗುಡುಗಿಕೊಂಡು ಬರುತ್ತಿದ್ದರೆ ಅದು ಬಿಸಿಲಿನ ಮಳೆ. ಬೆಳಿಗ್ಗೆ ನೆಲ ಕಾದು, ತೇವ ಮೇಲೆ ಹೋಗಿ, ಸಂಜೆ ಒಡೆಯುವುದು. ನಿಮ್ಮದು ಎರಡನೆಯ ಜಾತಿ ಅಂತ ಕಾಣುತ್ತದೆ.

ಮಳೆಲೆಕ್ಕ (ನೀರ್ಚಾಲು):

ಸರಿಯಾಗಿ ಹೇಳಿದಿರಿ. ಇದಕ್ಕೆ ಒಂದೇ ಒಂದು ಅಡ್ಡಿ, ಬಂಗಾಳ ಕೊಲ್ಲಿ. ಸೆಪ್ಟೆಂಬರಿನಲ್ಲಿ ಒಡಿಶಾ ಅಥವಾ ಆಂಧ್ರದ ಕರಾವಳಿ ಹತ್ತಿರ ವಾಯುಭಾರ ಕುಸಿತ ಎದ್ದರೆ ಅರಬ್ಬಿ ಸಮುದ್ರದ ಗಾಳಿಯನ್ನು ಅದು ಜೋರಾಗಿ ಎಳೆಯುತ್ತದೆ, ಆ ಗಾಳಿ ನಮ್ಮ ಮೇಲೆ ಹಾದೇ ಹೋಗಬೇಕು, ಘಟ್ಟಕ್ಕೆ ತಾಗಿ ಇಲ್ಲೇ ಸುರಿಯುತ್ತದೆ. ಕುಸಿತ ಒಳನಾಡಿಗೆ ಹೋಗಿ ಸುಸ್ತಾದ ಮೇಲೆ ನಮಗೆ ಬಿಡುವು. ಅದಕ್ಕೇ ಸಂಜೆ ಬುಲೆಟಿನ್ ನೋಡುವಾಗ ಕೇರಳದ ಪುಟ ಮಾತ್ರ ನೋಡಬೇಡಿ. ಕೊಲ್ಲಿಯಲ್ಲಿ ಏನಾದರೂ ಹುಟ್ಟುತ್ತದಾ ಅನ್ನುವ ಸಾಲು ಹುಡುಕಿ. ಇಲ್ಲ ಅಂತಿದ್ದರೆ ಬೆಳಗಿನ ಹೊತ್ತು ನಿಮ್ಮದೇ.

ಜಿಲ್ಲಾವಾರು ಎಚ್ಚರಿಕೆ ಐದು ದಿನಕ್ಕೆ ಕೊಡುತ್ತಾರೆ. ನಾನು ಮೊದಲ ಎರಡು ದಿನವನ್ನು ನಂಬುತ್ತೇನೆ, ಮೂರನೆಯದನ್ನು ಅರ್ಧ ನಂಬುತ್ತೇನೆ, ಉಳಿದದ್ದು ಸುಮ್ನೆ ಓದುವುದಕ್ಕೆ. ಏಳು ದಿನ ಮುಂದಿನ ಗುಡುಗು ಮಳೆಯನ್ನು ಊರು ಹೆಸರು ಹೇಳಿ ಯಾರಾದರೂ ಖಂಡಿತ ಅಂದರೆ ನಂಬಬೇಡಿ.

ಅಡಿಕೆಅಕ್ಕ (ಮುಳ್ಳೇರಿಯ):

ಹವೆಯ ವಿಷಯ ಗಂಡಸರು ನೋಡಿಕೊಳ್ಳಿ, ನಾನು ಕೆಲಸದ ವಿಷಯ ಹೇಳುತ್ತೇನೆ.

ತಮ್ಮಾ, ಮೊದಲು ಗದ್ದೆ. ಹಣ್ಣಾದ ಪೈರಿಗೆ ಮಳೆ ಹೊಡೆದು ಮಲಗಿದರೆ ತೆನೆ ಕೆಸರಿನಲ್ಲೇ ಮೊಳಕೆ ಬರುತ್ತದೆ, ಆಮೇಲೆ ಹುಲ್ಲೂ ಇಲ್ಲ, ಭತ್ತವೂ ಇಲ್ಲ. ಈಗಲೇ ಹುಣಿ (ಗದ್ದೆಯ ಬದು) ಕಡಿದು ನೀರು ಬಿಡಿ. ಕೊಯ್ಯುವ ಯಂತ್ರ ತರಿಸುವುದಾದರೆ ಅಂತೂ ಗದ್ದೆ ಗಟ್ಟಿಯಾಗದೆ ಇಳಿಸುವ ಹಾಗಿಲ್ಲ. ಕೊಯ್ದದ್ದನ್ನು ರಾಶಿ ಹಾಕಿ ಇಡಬೇಡಿ, ಬಿಸಿಲು ಇಲ್ಲದಿದ್ದರೂ ಚಾವಡಿಯಲ್ಲಿ ತೆಳ್ಳಗೆ ಹರಡಿ ಫ್ಯಾನ್ ಹಾಕಿ. ಭತ್ತದ ತೇವ ಶೇಕಡಾ 14ರ ಒಳಗೆ ಬಾರದೆ ಚೀಲಕ್ಕೆ ತುಂಬಿಸಿದರೆ ಬೂಸ್ಟು ಗ್ಯಾರಂಟಿ.

ಇನ್ನು ಮದ್ದು. ಮೂರನೇ ಸಲ ಬಿಡಲೇಬೇಕು ಅಂತ ಯಾರು ಹೇಳಿದ್ದು? ಮಳೆ ಎಳೆದುಕೊಂಡು ಹೋದರೆ ಮಾತ್ರ ಮೂರನೆಯದು. ತೋಟಕ್ಕೆ ಒಂದು ಸುತ್ತು ಹೋಗಿ ಬುಡ ನೋಡಿ. ಎಳೆ ಕಾಯಿ ಉದುರಿದೆಯಾ, ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಡು ಹಸಿರು ಕಲೆ ಇದೆಯಾ, ಮೇಲೆ ಬಿಳಿ ಹತ್ತಿಯ ಹಾಗೆ ಬಂದಿದೆಯಾ. ಇದ್ದರೆ ಕೊಳೆ ಶುರುವಾಗಿದೆ, ಕಾಯಬೇಡಿ. ಏನೂ ಇಲ್ಲ, ಕಾಯಿ ಬಲಿತಿದೆ, ಬೆಳಗಿನ ಬಿಸಿಲು ದಿನವೂ ಬೀಳುತ್ತಿದೆ ಅಂತಾದರೆ ನಾನಾದರೆ ಆ ದುಡ್ಡು ಉಳಿಸುತ್ತೇನೆ. ಮೈಲುತುತ್ತಿನ ರೇಟು, ಕೂಲಿ, ಎಲ್ಲ ಸೇರಿಸಿ ನೋಡಿ.

ಬಿಡುವುದೇ ಆದರೆ 100 ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಕಬ್ಬಿಣದ ಕತ್ತಿ ಒಂದು ನಿಮಿಷ ಅದ್ದಿ ತೆಗೆಯಿರಿ, ಕೆಂಪು ಬಣ್ಣ ಹಿಡಿದರೆ ತುತ್ತು ಜಾಸ್ತಿ, ಇನ್ನೂ ಸುಣ್ಣ ಬೇಕು. ಈ ಸಮಯದಲ್ಲಿ ರಾಳ ಸೇರಿಸಿದರೆ ಒಳ್ಳೆಯದು, ಸಂಜೆ ಮಳೆಗೆ ತೊಳೆದು ಹೋಗುವುದಿಲ್ಲ. ಬೆಳಿಗ್ಗೆ ಅಡಿಕೆ ಗೊನೆಯ ಮೇಲಿನ ನೀರು ಆರಿದ ಮೇಲೆ ಶುರು ಮಾಡಿ ಮಧ್ಯಾಹ್ನ ಹನ್ನೆರಡಕ್ಕೆ ನಿಲ್ಲಿಸಿ, ಮೂರರ ಮಳೆಗೆ ಮೊದಲು ಒಣಗಲು ಸಮಯ ಸಿಗುತ್ತದೆ. ಉಳಿದ ಮದ್ದನ್ನು ನಾಳೆಗೆ ಅಂತ ಇಡಬೇಡಿ, ಅದು ಅವತ್ತೇ ಮುಗಿಯಬೇಕು. ಹಾಗಾಗಿ ಬೇಕಾದಷ್ಟೇ ಕಲಸಿ.

ಅಜ್ಜನಬೆಟ್ಟು (ದೇಲಂಪಾಡಿ):

ಉತ್ತರೆ ಮುಗಿದು ಸೆಪ್ಟೆಂಬರ್ 27ರ ಹೊತ್ತಿಗೆ ಹಸ್ತ ಹುಟ್ಟುತ್ತದೆ. ಆಮೇಲೆ ಚಿತ್ತೆ. ನಾವು ಹಸ್ತ ಹೇಗೆ ಹುಟ್ಟುತ್ತದೆ ಅಂತ ನೋಡಿಯೇ ಕೊಯ್ಲಿಗೆ ಜನ ಹೇಳುತ್ತಿದ್ದದ್ದು. ಆ್ಯಪು ಗೀಪು ಯಾರಿಗೆ ಇತ್ತು.

ಮಳೆಲೆಕ್ಕ (ನೀರ್ಚಾಲು):

ಅಜ್ಜ, ನಕ್ಷತ್ರದ ಲೆಕ್ಕ ನನಗೂ ಇಷ್ಟ. ಆದರೆ ಅದು ಸೂರ್ಯನ ಲೆಕ್ಕ, ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ದಿನಕ್ಕೆ ಬರುತ್ತದೆ. ಯಾವ ತಿಂಗಳಲ್ಲಿ ಎಂಥ ಮಳೆ ಅಂತ ಅದು ಹೇಳುತ್ತದೆ, ಈ ಬುಧವಾರ ಅಂಗಳ ಒಣಗಿರುತ್ತದಾ ಅಂತ ಹೇಳುವುದಿಲ್ಲ. ಹುಟ್ಟುವ ದಿನ ಆಕಾಶ ನೋಡುವ ನಿಮ್ಮ ಅಭ್ಯಾಸ ಮಾತ್ರ ಬಿಡುವ ಹಾಗಿಲ್ಲ.

ತೋಟದಮನೆ (ಪೆರ್ಲ):

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದ ಹಾಗೆ ಬುಡ ನೋಡಿ ಬಂದೆ. ತೋಡಿನ ಬದಿಯ ಸಾಲಿನಲ್ಲಿ ಉದುರಿದ ಕಾಯಿ ಇದೆ, ಬಿಳಿ ಹತ್ತಿಯೂ ಇದೆ. ಮೇಲಿನ ತೋಟ ಚೊಕ್ಕ. ಕೆಳಗಿನ ಭಾಗಕ್ಕೆ ಮಾತ್ರ ಬಿಡಿಸುತ್ತೇನೆ, ಅರ್ಧ ದಿನದ ಕೆಲಸ. ಹುಣಿ ಕಡಿದು ನೀರು ಬಿಟ್ಟಾಯಿತು. ಇವತ್ತು ದಕ್ಷಿಣ ಕನ್ನಡಕ್ಕೆ ಹಸಿರು, ನಮಗೆ ಹಳದಿ, ಕೊಲ್ಲಿಯಲ್ಲಿ ಸದ್ಯಕ್ಕೆ ಏನೂ ಇಲ್ಲ ಅಂತ ಬುಲೆಟಿನ್.

ಒಂದು ಸಂಶಯ. ಈ ಸಲ ಮರ ಹತ್ತುವವರು ಸಿಕ್ಕಿಲ್ಲ, ಕಾರ್ಬನ್ ಫೈಬರ್ ದೋಟಿಯವರು (ನೆಲದಲ್ಲೇ ನಿಂತು ಉದ್ದ ಕೋಲಿನಲ್ಲಿ ಮದ್ದು ಬಿಡುವವರು) ಬರುತ್ತಾರೆ. ಸ್ವಲ್ಪ ಹನಿ ಬಿದ್ದರೂ ದೋಟಿಯಲ್ಲಾದರೆ ಮುಂದುವರಿಸಬಹುದು ಅನ್ನುತ್ತಾರೆ. ಹೌದಾ?

ಕಡಲಬದಿ (ಉಪ್ಪಳ):

ಬೇಡವೇ ಬೇಡ. ಕಾರ್ಬನ್ ಫೈಬರ್ ಕರೆಂಟು ಹರಿಸುತ್ತದೆ. ಬಿದಿರಿನ ದೋಟಿ ಅಂತ ತಿಳಿದು ಹಿಡಿದುಕೊಂಡರೆ ಕಷ್ಟ. ಅಷ್ಟುದ್ದದ ದೋಟಿ ಎತ್ತಿ ತೋಟದಲ್ಲಿ ನಿಂತಿರುವಾಗ ಮಿಂಚು ಬಂದರೆ ಏನು ಮಾಡುತ್ತೀರಿ? ತೋಟದ ಮೇಲೆ ಲೈನ್ ಹೋಗಿದ್ದರೆ ಆ ಸಾಲು ಒಣ ಹವೆಯಲ್ಲೂ ಬಿಟ್ಟುಬಿಡಿ. ಈ ಸೀಸನ್‌ನಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಮಿಂಚಿನ ಎಚ್ಚರಿಕೆ ಕೊಡುವುದು ಸುಮ್ನೆ ಅಲ್ಲ. ಫೋನಿಗೆ ದಾಮಿನಿ ಆ್ಯಪ್ ಹಾಕಿಕೊಳ್ಳಿ, ಪುಣೆಯ ಸಂಸ್ಥೆ ಮಾಡಿದ್ದು, ನಿಮ್ಮ ಸುತ್ತ 20, 40 ಕಿಲೋಮೀಟರ್ ಒಳಗೆ ಮಿಂಚು ಇದ್ದರೆ ತೋರಿಸುತ್ತದೆ. ಗುಡುಗು ಕಿವಿಗೆ ಬಿದ್ದ ಕೂಡಲೇ ದೋಟಿ ನೆಲಕ್ಕೆ ಮಲಗಿಸಿ ಎಲ್ಲರೂ ಮನೆಯೊಳಗೆ. ಮರದಡಿ ನಿಲ್ಲುವುದೂ ಬೇಡ.

ಅಡಿಕೆಅಕ್ಕ (ಮುಳ್ಳೇರಿಯ):

ಕೂಲಿಯವರಿಗೆ ಅರ್ಧ ದಿನ ಅಂತ ಮೊದಲೇ ಹೇಳಿಬಿಡಿ, ಹನ್ನೆರಡಕ್ಕೆ ಚೌಕಾಸಿ ಬೇಡ. ರಾಳ ಪೆರ್ಲದಲ್ಲಿ ಸಿಗದಿದ್ದರೆ ಬದಿಯಡ್ಕದಲ್ಲಿ ಕೇಳಿ ನೋಡಿ.